ಪೊಟ್ಯಾಸಿಯಂ 5.7 ಅಂತ ಬಂತೇ? ತಡಿ ಸ್ವಲ್ಪ

ಶುಗರ್ ಎಷ್ಟಿದೆ ನೋಡೋಣ ಅಂತ ನೀನು ರಕ್ತ ಕೊಟ್ಟೆ. ಶುಗರ್ ಪರವಾಗಿಲ್ಲ. ಮೂರು ತಿಂಗಳ ಸರಾಸರಿಯೂ ಹೋದ ಸಲಕ್ಕಿಂತ ಇಳಿದಿದೆ. ಆದರೆ ನೀನು ಇದುವರೆಗೆ ಕಣ್ಣು ಹಾಯಿಸದ ಒಂದು ಸಾಲಿನಲ್ಲಿ ಪೊಟ್ಯಾಸಿಯಂ 5.7 ಅಂತ ದಪ್ಪಕ್ಷರದಲ್ಲಿ ಕೂತಿದೆ, ಪಕ್ಕದಲ್ಲಿ ಮೇಲ್ಮುಖದ ಬಾಣ ಬೇರೆ. ರಿಪೋರ್ಟ್ ವಾಟ್ಸಾಪಿಗೆ ಬಂದದ್ದು ರಾತ್ರಿ. ಮಲಗುವ ಹೊತ್ತಿಗೆ ಗೂಗಲ್ಲನ್ನೆಲ್ಲ ಜಾಲಾಡಿ, ಹೃದಯ ನಿಂತುಹೋಗುವ ಅಧ್ಯಾಯದವರೆಗೂ ಓದಿ ಮುಗಿಸಿದೆ. ಬೆಳಗ್ಗೆ ಬಾಳೆಹಣ್ಣು ಬಿಟ್ಟೆ, ಅದರ ಜೊತೆಗೆ ಬಿ.ಪಿ. ಮಾತ್ರೆಯನ್ನೂ ಬಿಟ್ಟೆ. ಡಾಕ್ಟರಿಗೆ ಫೋನ್ ಮಾಡುವುದೊಂದು ಮಾತ್ರ ಹೊಳೆಯಲಿಲ್ಲ. ಭೇಷ್ ಕಣಪ್ಪ!

ನಾನು ಆಸ್ಪತ್ರೆ ಲ್ಯಾಬಿನಲ್ಲಿ ರಕ್ತ ತೆಗೆದು ತೆಗೆದೇ ತಲೆ ನರೆಸಿಕೊಂಡವನು. ನಿನ್ನಂಥ ಚುರುಕು ಹುಡುಗರನ್ನು ಬೇಕಾದಷ್ಟು ನೋಡಿದ್ದೇನೆ. ಬುದ್ಧಿಗೆ ಬರವಿಲ್ಲ, ತಾಳ್ಮೆಗೆ ಬರ. ಹಾಗಾಗಿ ಎರಡು ಮಾತು ಹೇಳುತ್ತೇನೆ, ಕೇಳು.

ಮೊದಲು ಅವಸರದ ಮಾತು ಮುಗಿಸಿಬಿಡೋಣ. ರಕ್ತದಲ್ಲಿ ಪೊಟ್ಯಾಸಿಯಂ ಲೀಟರಿಗೆ 3.5ರಿಂದ 5 ಮಿಲಿಮೋಲ್ ಇದ್ದರೆ ಸರಿ. ಲ್ಯಾಬಿನಿಂದ ಲ್ಯಾಬಿಗೆ ಮೇಲಿನ ಗೆರೆ ಕೂದಲೆಳೆಯಷ್ಟು ಆಚೀಚೆ ಆಗುತ್ತದೆ. ನಿನ್ನದು 6 ಮುಟ್ಟಿದೆಯೇ? ಇಲ್ಲಾ ಅಂಕಿ ಎಷ್ಟೇ ಇರಲಿ, ಎದೆ ಡವಗುಟ್ಟುತ್ತಿದೆಯೇ, ಕೈಕಾಲಲ್ಲಿ ಶಕ್ತಿಯೇ ಇಲ್ಲ ಅನ್ನಿಸುತ್ತಿದೆಯೇ? ಹಾಗಾದರೆ ನನ್ನ ಪುರಾಣ ಇಲ್ಲಿಗೇ ಬಿಟ್ಟು ಆಸ್ಪತ್ರೆಗೆ ಹೊರಡು, ಇಸಿಜಿ ಮಾಡಿಸು. ಏರಿದ ಪೊಟ್ಯಾಸಿಯಂ ಹೃದಯದ ಬಡಿತ ಕೆಡಿಸುತ್ತದೆ ಅನ್ನುವುದು ಸುಳ್ಳಲ್ಲ. ಎಷ್ಟೋ ಸಲ ಒಂದು ಸೂಚನೆಯನ್ನೂ ಕೊಡದೆ ಕೆಡಿಸುತ್ತದೆ. 5.7 ಆಗಿದ್ದು ಮೈಯಲ್ಲಿ ಏನೂ ತೊಂದರೆ ಇಲ್ಲವೆಂದರೆ, ಆ ದಿನವೇ ಡಾಕ್ಟರಿಗೆ ಫೋನ್ ಮಾಡಿ ತಿಳಿಸು. ಆಮೇಲೆ ಮುಂದೆ ಓದು.

ಈ ಅಂಕಿ ಎಲ್ಲಿಂದ ಬಂತು ಅಂತ ನೋಡಬೇಕು. ಮೈಯಲ್ಲಿರುವ ಪೊಟ್ಯಾಸಿಯಂನಲ್ಲಿ ನೂರಕ್ಕೆ 98 ಪಾಲು ಜೀವಕೋಶಗಳ ಒಳಗೇ ಇರುತ್ತದೆ. ನಾವು ಅಳೆಯುವುದು ಹೊರಗಿರುವ ಚೂರನ್ನು. ಕಣಜದ ಭತ್ತ ಕಣಜದಲ್ಲೇ ಇರುವಾಗ ಅಂಗಳದಲ್ಲಿ ಚೆಲ್ಲಿದ ಕಾಳು ಎಣಿಸಿದ ಹಾಗೆ. ಕಣಜಕ್ಕೊಂದು ಸಣ್ಣ ತೂತು ಬಿದ್ದರೂ ಲೆಕ್ಕ ತಪ್ಪುತ್ತದೆ. ಆ ತೂತು ಬೀಳುವುದು ಎಷ್ಟೋ ಸಲ ನಿನ್ನ ಮೈಯೊಳಗಲ್ಲ, ರಕ್ತ ತೆಗೆಯುವಾಗ.

ರಕ್ತ ಕೊಟ್ಟ ಬೆಳಗ್ಗೆಯನ್ನು ಒಮ್ಮೆ ನೆನಪಿಸಿಕೋ. ತೋಳಿಗೆ ಪಟ್ಟಿ ಬಿಗಿದರು, ನರ ಸಿಗಲಿಲ್ಲ. "ಮುಷ್ಟಿ ಬಿಗಿ ಹಿಡಿಯಿರಿ, ಬಿಡಿ, ಹಿಡಿಯಿರಿ" ಅಂದರು. ನೀನು ಕುಸ್ತಿ ಅಖಾಡದಲ್ಲಿ ನಿಂತವನಂತೆ ಹಿಡಿದು ಬಿಟ್ಟು ಮಾಡಿದೆ. ಅಷ್ಟು ಸಾಕು, ಮುಂಗೈ ಸ್ನಾಯು ಪೊಟ್ಯಾಸಿಯಂ ಹೊರಗೆ ಬಿಡುತ್ತದೆ. ಸಿರಿಂಜಿನಲ್ಲಿ ಜೋರಾಗಿ ಎಳೆದು, ಸೂಜಿಯ ಮೂಲಕವೇ ಟ್ಯೂಬಿಗೆ ಒತ್ತಿದರೆ ಕೆಂಪು ರಕ್ತಕಣ ಒಡೆಯುತ್ತದೆ, ಇನ್ನಷ್ಟು ಹೊರಬರುತ್ತದೆ. ಕಣ ಒಡೆದಿದ್ದರೆ ರಕ್ತದ ತಿಳಿಭಾಗವಾದ ಸೀರಂ ಗುಲಾಬಿ ಬಣ್ಣಕ್ಕೆ ತಿರುಗುವುದರಿಂದ ಲ್ಯಾಬಿನವರಿಗೆ ಗೊತ್ತಾಗುತ್ತದೆ. ರಿಪೋರ್ಟಿನ ಕೆಳಗೆ ಸಣ್ಣಕ್ಷರದಲ್ಲಿ ಬರೆದೂ ಇರುತ್ತಾರೆ. ದಪ್ಪಕ್ಷರ ಓದಿದವನು ಸಣ್ಣಕ್ಷರವನ್ನೂ ಓದು. ಆದರೆ ಮನೆಗೇ ಬಂದು ತೆಗೆದ ರಕ್ತ, ಸೀರಂ ಬೇರ್ಪಡಿಸುವ ಮೊದಲೇ ಗಂಟೆಗಟ್ಟಲೆ ತಣ್ಣನೆ ಪೆಟ್ಟಿಗೆಯಲ್ಲಿ ಕೂತಿದ್ದರೆ ಒಂದು ಕಣವೂ ಒಡೆಯದೆ ಪೊಟ್ಯಾಸಿಯಂ ಸೋರುತ್ತದೆ. ಬಣ್ಣದಲ್ಲಿ ಅದರ ಗುಟ್ಟು ರಟ್ಟಾಗದು.

ಇನ್ನೊಂದು ಸಂಗತಿ ಇದೆ, ಅದು ಸಕ್ಕರೆ ಕಾಯಿಲೆಯವರಿಗೇ ಹೆಚ್ಚು ಅಂಟಿದ್ದು. ನಿನ್ನ ರಕ್ತವನ್ನು ಬೇರೆಬೇರೆ ಮುಚ್ಚಳದ ಟ್ಯೂಬುಗಳಿಗೆ ತುಂಬಿದ್ದು ನೋಡಿದ್ದೀಯಲ್ಲ? ನೇರಳೆ ಮುಚ್ಚಳದ್ದು ಮೂರು ತಿಂಗಳ ಸರಾಸರಿಗೆ. ರಕ್ತ ಹೆಪ್ಪುಗಟ್ಟಬಾರದು ಅಂತ ಅದರಲ್ಲಿ ಇಡಿಟಿಎಯ ಪೊಟ್ಯಾಸಿಯಂ ಲವಣ ಹಾಕಿರುತ್ತಾರೆ. ಬೂದು ಮುಚ್ಚಳದ್ದು ಶುಗರಿಗೆ. ಅದರಲ್ಲೂ ಸಾಮಾನ್ಯವಾಗಿ ಫ್ಲೋರೈಡ್ ಜೊತೆ ಒಂದು ಪೊಟ್ಯಾಸಿಯಂ ಲವಣ. ಪೊಟ್ಯಾಸಿಯಂ ಅಳೆಯುವುದು ಕೆಂಪು ಅಥವಾ ಹಳದಿ ಮುಚ್ಚಳದ್ದರಲ್ಲಿ. ಅದನ್ನೇ ಮೊದಲು ತುಂಬಬೇಕು, ಉಳಿದವು ಆಮೇಲೆ. ಸರದಿ ತಪ್ಪಿದರೆ, ಅಥವಾ ಹಳದಿಯಲ್ಲಿ ರಕ್ತ ಕಡಿಮೆಯಾಯಿತೆಂದು ನೇರಳೆಯದನ್ನು ಅದಕ್ಕೆ ಸುರಿದರೆ, ನಿನ್ನ ರಿಪೋರ್ಟಿನಲ್ಲಿ ಬರುವುದು ಟ್ಯೂಬಿನ ಪೊಟ್ಯಾಸಿಯಂ! ಇದಕ್ಕೊಂದು ಸುಳಿವಿದೆ. ಇಡಿಟಿಎ ಕ್ಯಾಲ್ಸಿಯಂ ಹಿಡಿದುಕೊಂಡುಬಿಡುತ್ತದೆ. ಅದೇ ರಿಪೋರ್ಟಿನಲ್ಲಿ ಕ್ಯಾಲ್ಸಿಯಂ ಕಾರಣವಿಲ್ಲದೆ ಕುಸಿದಿದ್ದರೆ ಡಾಕ್ಟರಿಗೆ ತೋರಿಸು. ಹಾಗಂತ ರಕ್ತ ತೆಗೆದ ಹುಡುಗನ ಮೇಲೆ ಹರಿಹಾಯಬೇಡ. ಬೆಳಗಿನ ಜಾವ ಎದ್ದು ಬೈಕಲ್ಲಿ ಮನೆಮನೆ ಸುತ್ತುವವನು ಅವನು.

"ಅಬ್ಬ, ಲ್ಯಾಬಿನ ತಪ್ಪು, ಅಜ್ಜ ಹೇಳಿದ್ದಾರೆ" ಅಂತ ಈಗಲೇ ಕಾಲು ಚಾಚಿ ಮಲಗಬೇಡ. ಅದೂ ನಿನ್ನ ಅವಸರವೇ. ಸಕ್ಕರೆ ಕಾಯಿಲೆಯವರಲ್ಲಿ ನಿಜವಾಗಿಯೂ ಪೊಟ್ಯಾಸಿಯಂ ಏರಲು ಕಾರಣಗಳು ಸಾಲುಗಟ್ಟಿ ನಿಂತಿವೆ. ರಕ್ತದಿಂದ ಅದನ್ನು ಕೋಶದೊಳಗೆ ತಳ್ಳುವುದು ಇನ್ಸುಲಿನ್. ಅದು ಸಾಲದೆ ಹೋದರೆ ಹೊರಗೇ ಉಳಿಯುತ್ತದೆ. ಹೆಚ್ಚಾದದ್ದನ್ನು ಹೊರಹಾಕುವುದು ಕಿಡ್ನಿ. ಶುಗರ್ ವರ್ಷಾನುಗಟ್ಟಲೆ ಕಾಡಿದರೆ ಅದೂ ಸೋಲುತ್ತದೆ. ಅದಕ್ಕೇ ಪೊಟ್ಯಾಸಿಯಂ ಸಾಲನ್ನು ಒಂಟಿಯಾಗಿ ಓದಬೇಡ, ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಜೊತೆ ಓದು. ನಿಮ್ಮಪ್ಪನ ರಿಪೋರ್ಟ್ ಆಗಿದ್ದರಂತೂ ಹಳೆಯವನ್ನೆಲ್ಲ ತೆಗೆದು ಪಕ್ಕಪಕ್ಕ ಇಟ್ಟು ನೋಡು. 4.4, 4.8, 5.2 ಅಂತ ಮೆಟ್ಟಿಲು ಹತ್ತುತ್ತಾ ಬಂದಿದ್ದರೆ ಅದು ಟ್ಯೂಬಿನ ಆಟವಲ್ಲ.

ಮಾತ್ರೆಗಳ ಸುದ್ದಿಗೆ ಬರೋಣ. ಟೆಲ್ಮಿಸಾರ್ಟನ್, ಲೊಸಾರ್ಟನ್, ರಾಮಿಪ್ರಿಲ್, ಎನಲಾಪ್ರಿಲ್ ಎಂಬ ಬಿ.ಪಿ. ಮಾತ್ರೆಗಳೆಲ್ಲ ಪೊಟ್ಯಾಸಿಯಂ ಸ್ವಲ್ಪ ಏರಿಸುತ್ತವೆ. ಆದರೆ ಸಕ್ಕರೆ ಕಾಯಿಲೆಯವರ ಕಿಡ್ನಿ ಕಾಯುವುದಕ್ಕೂ ಡಾಕ್ಟರುಗಳು ಕೊಡುವುದು ಇವನ್ನೇ. ಗೂಗಲ್ ಓದಿ ನೀನು ಬಿಟ್ಟದ್ದು ಅಂಥ ಮಾತ್ರೆಯನ್ನು! ಬಿಡಿಸುವುದೋ, ಕಡಿಮೆ ಮಾಡುವುದೋ, ಮುಂದುವರಿಸುವುದೋ, ಅದು ಬರೆದುಕೊಟ್ಟವರ ಕೆಲಸ. ನೀನು ನಿಲ್ಲಿಸಬೇಕಾದದ್ದು ಬೇರೆ ಇದೆ. ಮಂಡಿನೋವಿಗೆ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದು ನುಂಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್. ಅವು ಕಿಡ್ನಿಗೂ ಭಾರ, ಪೊಟ್ಯಾಸಿಯಂಗೂ ಏಣಿ.

ಅಡುಗೆಮನೆಯಲ್ಲಿ ಎಲ್ಲರೂ ಬಾಳೆಹಣ್ಣನ್ನೇ ಹಿಡಿದು ದೂರುತ್ತಾರೆ. ನಾನು ಮೊದಲು ನೋಡುವುದು ಉಪ್ಪಿನ ಡಬ್ಬಿ. ಬಿ.ಪಿ.ಗೆ ಒಳ್ಳೆಯದು ಅಂತ ತರುವ ಸೋಡಿಯಂ ಕಡಿಮೆಯ ಉಪ್ಪಿನಲ್ಲಿ ಒಂದು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಈ ಉಪ್ಪನ್ನು ಶಿಫಾರಸು ಮಾಡಿತು ನಿಜ, ಆದರೆ ಕಿಡ್ನಿ ಸೋತವರನ್ನು ಆ ಮಾತಿನಿಂದ ಹೊರಗಿಟ್ಟಿತು. ಎಳನೀರು ಒಂದು ದೊಡ್ಡ ಲೋಟಕ್ಕೆ ಅರ್ಧ ಗ್ರಾಮಿಗೂ ಮೇಲೆ ಪೊಟ್ಯಾಸಿಯಂ ಕೊಡುತ್ತದೆ. ಕಿಡ್ನಿ ಗಟ್ಟಿಯಿದ್ದವನಿಗೆ ಇದರ ಚಿಂತೆಯಿಲ್ಲ, ಸೋತವನಿಗೆ ಇದೆ. ಅಂಥವರಿಗೆ ಸೊಪ್ಪು ತರಕಾರಿ ಬೇಯಿಸಿ ನೀರು ಬಸಿದು ತಿನ್ನಿ ಅಂತ ಡಾಕ್ಟರ್ ಹೇಳುವುದುಂಟು. ನಮ್ಮ ಮನೆಗಳಲ್ಲಿ ಏನು ಮಾಡುತ್ತೇವೆ? ಬಸಿದ ಆ ನೀರಿಗೇ ಖಾರ ರುಬ್ಬಿ ಹಾಕಿ ಘಮಘಮ ಬಸ್ಸಾರು ಮಾಡಿ ಮುದ್ದೆಗೆ ಸುರಿದುಕೊಳ್ಳುತ್ತೇವೆ. ಬಿಟ್ಟ ಪೊಟ್ಯಾಸಿಯಂ ಅಷ್ಟೂ ಅದರಲ್ಲೇ ಇರುತ್ತದೆ, ಪಾಪ.

ಬಾಣ ಕೆಳಮುಖವಾಗಿ 3.5ಕ್ಕಿಂತ ಇಳಿದಿದ್ದರೂ ಸಸಾರ ಮಾಡಬೇಡ. ವಾಂತಿಭೇದಿ, ಮೂತ್ರ ಹೋಗಿಸುವ ಮಾತ್ರೆ ಅದಕ್ಕೆ ಸಾಮಾನ್ಯ ಕಾರಣ. ಅದಕ್ಕೂ ಡಾಕ್ಟರೇ ಬೇಕು.

ಡಾಕ್ಟರ್ ಇನ್ನೊಮ್ಮೆ ಪರೀಕ್ಷೆ ಮಾಡಿಸು ಅನ್ನುತ್ತಾರೆ. ಮುಂದಿನ ತಿಂಗಳಿಗೆ ತಳ್ಳಬೇಡ, ಅವರು ಹೇಳಿದ ದಿನವೇ ಹೋಗು. ಮನೆಗೆ ಕರೆಸಬೇಡ, ಲ್ಯಾಬಿಗೇ ಹೋಗು, ರಕ್ತ ಬೇಗ ಬೇರ್ಪಡಿಸುತ್ತಾರೆ. ನೀರು ಕುಡಿದು ಹೋದರೆ ನರ ಸುಲಭವಾಗಿ ಸಿಗುತ್ತದೆ. ಕೈ ಸಡಿಲ ಬಿಟ್ಟು ಕೂರು. ಡಾಕ್ಟರ ಹತ್ತಿರ ಹೋಗುವಾಗ ಮಾತ್ರೆಗಳಷ್ಟನ್ನೇ ಅಲ್ಲ, ಯಾರೋ ಹೇಳಿದರು ಅಂತ ಕುಡಿಯುತ್ತಿರುವ ಕಷಾಯದ ಪುಡಿ, ನೋವಿನ ಮಾತ್ರೆಯ ಖಾಲಿ ಹಾಳೆ, ಆ ಉಪ್ಪಿನ ಪೊಟ್ಟಣ, ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸುರಿ. ಅವರು ನಕ್ಕರೆ ನಗಲಿ, ಒಂದನ್ನೂ ಮುಚ್ಚಿಡಬೇಡ.