ಕೂಸು ನಕ್ಷತ್ರಗಳಿಗೂ ಎಕ್ಸ್‌-ರೇ

ಮೃಗಶಿರಾ ಮಳೆ, ಆರಿದ್ರಾ ಮಳೆ ಅಂತ ಮನೆಯಲ್ಲಿ ದೊಡ್ಡವರು ಲೆಕ್ಕ ಹಾಕೋದು ಕೇಳಿದ್ದೀರಲ್ಲ? ಆ ಎರಡು ನಕ್ಷತ್ರಗಳೂ ಇರುವುದು ಮಹಾವ್ಯಾಧ ಎಂಬ ಒಂದೇ ನಕ್ಷತ್ರಪುಂಜದಲ್ಲಿ. ಜನವರಿ ತಿಂಗಳಲ್ಲಿ ರಾತ್ರಿ ಎಂಟು ಗಂಟೆಗೆ ಪೂರ್ವಕ್ಕೆ ತಲೆಯೆತ್ತಿ ನೋಡಿ. ಮೂರು ನಕ್ಷತ್ರ ಸಾಲಾಗಿ ನಿಂತಿರುತ್ತವೆ. ಅವುಗಳ ದಕ್ಷಿಣಕ್ಕೆ ಸ್ವಲ್ಪ ದೂರದಲ್ಲಿ ಮಬ್ಬಾದ ಒಂದು ಚುಕ್ಕೆ. ಅದು ಚುಕ್ಕೆಯಲ್ಲ, ನಕ್ಷತ್ರಗಳ ಬಾಣಂತಿ ಕೋಣೆ! ಅಲ್ಲಿಂದ ಬೆಳಕು ನಮ್ಮನ್ನು ಮುಟ್ಟಲು ಸುಮಾರು 1,350 ವರ್ಷ ಬೇಕು.

ಅಲ್ಲಿ ಸೂರ್ಯನಿಗಿಂತ ಮೂವತ್ತು ಪಟ್ಟಿಗೂ ಹೆಚ್ಚು ತೂಗುವ ಒಂದು ದೈತ್ಯ ನಕ್ಷತ್ರವಿದೆ. ಸುತ್ತಲೂ ಸೂರ್ಯನಂಥ, ಸೂರ್ಯನಿಗಿಂತ ಚಿಕ್ಕದಾದ ಕೂಸುಗಳು ಸಾವಿರಾರು. ವಯಸ್ಸು ಸುಮಾರು ಹತ್ತಿಪ್ಪತ್ತು ಲಕ್ಷ ವರ್ಷ ಅಷ್ಟೆ. ನಮ್ಮ ಸೂರ್ಯನಿಗೆ 460 ಕೋಟಿ ಆಗಿದೆ!

ಆದರೆ ಧೂಳು ಅಡ್ಡ. ಹಿಂದೆ ಮುಂದೆ ಇರುವ ಹಳೆಯ ನಕ್ಷತ್ರಗಳೂ ಜೊತೆಗೆ ಕಲೆತು ಕಾಣುತ್ತವೆ. ಕೂಸು ಯಾವುದು ಅಂತ ಗುರುತಿಸೋದು ಹೇಗೆ? ಘಾಟಿ ದನಗಳ ಜಾತ್ರೆಯಲ್ಲಿ ರಾತ್ರಿ ಕರೆಂಟು ಹೋಯಿತು ಅನ್ನಿ. ಯಾರ ಮುಖವೂ ಕಾಣಿಸೋದಿಲ್ಲ. ಆದರೂ ಮಕ್ಕಳು ಎಲ್ಲಿದ್ದಾರೆ ಅಂತ ಗಲಾಟೆಯಿಂದಲೇ ಗೊತ್ತಾಗುತ್ತೆ. ಎಳೆಯ ನಕ್ಷತ್ರಗಳೂ ಹಾಗೇ. ಅವುಗಳ ಕಾಂತಶಕ್ತಿ ಬಲು ಜೋರು. ಕಾಂತರೇಖೆಗಳು ತಿರುಚಿ, ಕಡಿದು, ಮತ್ತೆ ಕೂಡಿದಾಗ ಅನಿಲ ಕೋಟಿ ಡಿಗ್ರಿಗೂ ಮೀರಿ ಕಾದು ಎಕ್ಸ್‌-ಕಿರಣ ಚಿಮ್ಮುತ್ತೆ. ಈಗಿನ ಸೂರ್ಯನಿಗಿಂತ ಸಾವಿರ ಪಟ್ಟು ಹೆಚ್ಚು! ಈ ಕಿರಣ ಧೂಳನ್ನು ತೂರಿ ಬರುತ್ತೆ. ಆಸ್ಪತ್ರೆಯಲ್ಲಿ ಕಿರಣ ಬಿಡೋದು ಯಂತ್ರ, ಇಲ್ಲಿ ನಕ್ಷತ್ರವೇ.

ನಮ್ಮ ವಾಯುಮಂಡಲ ಎಕ್ಸ್‌-ಕಿರಣಗಳನ್ನು ಮೇಲೇ ತಡೆದುಬಿಡುತ್ತೆ (ನಮ್ಮ ಪುಣ್ಯ). ಅದಕ್ಕೇ ಅಮೆರಿಕದ ನಾಸಾ 1999ರ ಜುಲೈಯಲ್ಲಿ ‘ಚಂದ್ರ’ ಎಂಬ ಎಕ್ಸ್‌-ರೇ ದೂರದರ್ಶಕವನ್ನು ಬಾಹ್ಯಾಕಾಶಕ್ಕೆ ಕಳಿಸಿತು. ಇದು ಚಂದಮಾಮನ ಹೆಸರಲ್ಲ. 1983ರಲ್ಲಿ ನೊಬೆಲ್ ಪಡೆದ ಭಾರತ ಮೂಲದ ವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರು. ಎಕ್ಸ್‌-ಕಿರಣ ನೇರವಾಗಿ ಬಿದ್ದರೆ ಕನ್ನಡಿಯೊಳಗೇ ಹೊಕ್ಕುಬಿಡುತ್ತೆ. ಕೆರೆಗೆ ಚಪ್ಪಟೆ ಕಲ್ಲನ್ನು ಓರೆಯಾಗಿ ಎಸೆದರೆ ನೀರಿನ ಮೇಲೆ ಕುಪ್ಪಳಿಸುತ್ತಲ್ಲ, ಹಾಗೆ ಓರೆಯಾಗಿ ಜಾರಿಸಬೇಕು. ಆದ್ದರಿಂದ ‘ಚಂದ್ರ’ದ ಕನ್ನಡಿಗಳು ತಟ್ಟೆಯಂತಿಲ್ಲ, ತಳವಿಲ್ಲದ ಪೀಪಾಯಿಗಳಂತಿವೆ.

2003ರ ಜನವರಿಯಲ್ಲಿ ‘ಚಂದ್ರ’ ಸುಮಾರು 13 ದಿನ ಈ ಬಾಣಂತಿ ಕೋಣೆಯನ್ನೇ ದಿಟ್ಟಿಸಿತು. 1,600ಕ್ಕೂ ಹೆಚ್ಚು ಎಕ್ಸ್‌-ರೇ ಚುಕ್ಕೆಗಳು ಸಿಕ್ಕವು. ಅವುಗಳಲ್ಲಿ ಬಹುಪಾಲು ಎಳೆಯ ನಕ್ಷತ್ರಗಳೇ. ಸೂರ್ಯನಂಥ ಕೂಸುಗಳು ಸರಾಸರಿ ವಾರಕ್ಕೊಮ್ಮೆ ಭಾರೀ ಜ್ವಾಲೆ ಉಗುಳುತ್ತಿದ್ದವು. ಅಂದರೆ ನಮ್ಮ ಸೂರ್ಯನೂ ಎಳೆತನದಲ್ಲಿ ಇಷ್ಟೇ ತಂಟೆಕೋರ! ಭೂಮಿ ರೂಪುಗೊಂಡದ್ದು ಇಂಥ ಸೂರ್ಯನ ಪಕ್ಕದಲ್ಲೇ. ಜ್ವಾಲೆಯಿಂದ ಭೂಮಿಗೆ ಕೇಡೇ ಆಗಿರಬೇಕು ಅನ್ನಿಸುತ್ತೆ ಅಲ್ಲವೇ? ಕೆಲವು ವಿಜ್ಞಾನಿಗಳು ಉಲ್ಟಾ ಹೇಳುತ್ತಾರೆ. ಸೂರ್ಯನ ಸುತ್ತ ಇದ್ದ ಅನಿಲದ ತಟ್ಟೆಯನ್ನು ಜ್ವಾಲೆಗಳು ಕಲಕಿ, ಎಳೆ ಭೂಮಿ ಸೂರ್ಯನೊಳಕ್ಕೆ ಜಾರಿಬೀಳದಂತೆ ತಡೆದಿರಬಹುದಂತೆ. ಈ ವಾದ ಇನ್ನೂ ಇತ್ಯರ್ಥವಾಗಿಲ್ಲ.

ಎಳೆಯ ನಕ್ಷತ್ರಗಳನ್ನು ಮಾಮೂಲಿ ಬೆಳಕಿನಲ್ಲೂ ಅಳೆಯಬೇಕು. ಅಂಥ ಕೆಲಸ ಮಾಡುವ ಒಂದು ದೂರದರ್ಶಕ ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿದೆ. ಕನ್ನಡಿ 2 ಮೀಟರ್ ಅಗಲ. ಹೆಸರು ಹಿಮಾಲಯನ್ ಚಂದ್ರ, ಅದೇ ಚಂದ್ರಶೇಖರರ ನೆನಪಿಗೆ. ಅದನ್ನು ನಡೆಸೋರು ಕೂತಿರೋದು ಮಾತ್ರ ನಮ್ಮ ಹೊಸಕೋಟೆಯಲ್ಲಿ, ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ಕೇಂದ್ರದಲ್ಲಿ. ಇಲ್ಲಿಂದ ಉಪಗ್ರಹದ ಮೂಲಕ ಆಜ್ಞೆ ಹೋಗುತ್ತೆ, ಅಲ್ಲಿ ದೂರದರ್ಶಕ ತಿರುಗುತ್ತೆ, ಚಿತ್ರ ಹೊಸಕೋಟೆಗೆ ಬರುತ್ತೆ.