ದುಡ್ಡು ಹೋದದ್ದನ್ನು ಮಕ್ಕಳು ಯಾಕೆ ಹೇಳುವುದಿಲ್ಲ?

ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಎಷ್ಟೋ ಮನೆಗಳಲ್ಲಿ ಅಪ್ಪ ಬೆಂಗಳೂರಲ್ಲೋ ಮುಂಬೈಯಲ್ಲೋ ಹೋಟೆಲಿನಲ್ಲಿ. ಊರಲ್ಲಿ ಅಮ್ಮ, ಅಜ್ಜಿ, ಕಾಲೇಜಿಗೆ ಹೋಗುವ ಮಕ್ಕಳು. ಅಪ್ಪ ಕಳಿಸಿದ ಹಣ ಅಮ್ಮನ ಖಾತೆಗೆ ಬೀಳುತ್ತದೆ, ಫೋನ್‌ಪೇ ನಡೆಸುವವರು ಮಾತ್ರ ಮಕ್ಕಳು. ಕರೆಂಟ್ ಬಿಲ್ಲು, ಗ್ಯಾಸು, ಸಂಘದ ಕಂತು ಎಲ್ಲ ಅವರೇ ಕಟ್ಟುತ್ತಾರೆ. ನಂಬಿ ಒಪ್ಪಿಸಿದ್ದು ತಪ್ಪಲ್ಲ. ಆದರೆ ಅವರು ಮೋಸಹೋದರೆ ಮೊದಲು ಯಾರ ಹತ್ತಿರ ಬಾಯಿಬಿಡುತ್ತಾರೆ ಎಂದು ಯೋಚಿಸಿದ್ದೀರಾ?

ದುರಾಸೆಗೆ ಬಿದ್ದರು ಎಂದು ಬೈಯುವ ಮೊದಲು ಬಲೆ ಹೇಗಿದೆ ನೋಡಿ. ಟೆಲಿಗ್ರಾಂನಲ್ಲಿ ‘ಪಾರ್ಟ್ ಟೈಮ್’ ಕೆಲಸದ ಮೆಸೇಜು ಬರುತ್ತದೆ: ಹೋಟೆಲುಗಳಿಗೆ ಸ್ಟಾರ್ ಕೊಟ್ಟರೆ ಸಂಬಳ. ಮೊದಲ ನೂರಿನ್ನೂರು ರೂಪಾಯಿ ನಿಜಕ್ಕೂ ಖಾತೆಗೆ ಬರುತ್ತದೆ. ಅಪ್ಪನ ಕಷ್ಟ ಕಂಡ ಹುಡುಗನಿಗೆ ಅದು ಸ್ವಂತ ಸಂಪಾದನೆ. ಆಮೇಲೆ 1,000 ಹಾಕಿದರೆ 1,300 ಎನ್ನುತ್ತಾರೆ, ಅದೂ ಬರುತ್ತದೆ. ಮುಂದಿನ 5,000 ಸಿಕ್ಕಿಕೊಳ್ಳುತ್ತದೆ, ಬಿಡಿಸಲು 10,000 ಕೇಳುತ್ತಾರೆ. ಇಲ್ಲಿಂದ ಮುಂದೆ ಅವನು ಹಣ ಹಾಕುವುದು ಗಳಿಸಲಿಕ್ಕಲ್ಲ, ಮನೆಯಲ್ಲಿ ಗೊತ್ತಾಗುವ ಮೊದಲು ತುಂಬಿಸಿಡಲಿಕ್ಕೆ. ನಮ್ಮ ಬೈಗುಳದ ಹೆದರಿಕೆಯೇ ವಂಚಕನ ಬಂಡವಾಳ.

ದೊಡ್ಡವರ ಮೇಲೂ ಇದೇ ಉಪಾಯ. ‘ಡಿಜಿಟಲ್ ಅರೆಸ್ಟ್’ ಎಂದು ವೀಡಿಯೊ ಕರೆಯಲ್ಲಿ ಹೆದರಿಸುವವರು ಮೊದಲು ಹೇಳುವುದು ‘ಯಾರಿಗೂ ತಿಳಿಸಬೇಡಿ’ ಎಂದು. ವಿಜಯಪುರದ ಒಬ್ಬರಿಗೆ ಬಂದ ಅಂಥ ಕರೆಯನ್ನು ಪ್ರಧಾನಿ 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಕೇಳಿಸಿದ್ದರು. ನಮ್ಮ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ.

ಇದಕ್ಕಿಂತ ಗಂಭೀರವಾದದ್ದು ‘ಮ್ಯೂಲ್ ಖಾತೆ’, ಅಂದರೆ ಕದ್ದ ಹಣ ದಾಟಿಸಲು ಕೊಟ್ಟ ಬಾಡಿಗೆ ಖಾತೆ. ‘ನಿನ್ನ ಪಾಸ್‌ಬುಕ್, ಎಟಿಎಂ ಕಾರ್ಡು, ಸಿಮ್ಮು ಕೊಡು, ಕಮಿಷನ್ ಕೊಡ್ತೇವೆ’ ಎಂದು ಪರಿಚಯದ ಗೆಳೆಯನೇ ಕೇಳಿರಬಹುದು. ಹಣ ಕಳೆದುಕೊಂಡವನು ದೂರುದಾರ. ಖಾತೆ ಕೊಟ್ಟವನ ಹೆಸರು ಆರೋಪಿಗಳ ಪಟ್ಟಿಗೆ ಸೇರಬಹುದು. ಇದನ್ನಾದರೂ ಈ ವಾರವೇ ಮಕ್ಕಳನ್ನು ಕೂರಿಸಿಕೊಂಡು ಹೇಳಿ.

ಹೋದ ಹಣ ಒಂದು ಕಡೆ ನಿಲ್ಲುವುದಿಲ್ಲ, ನಿಮಿಷಗಳಲ್ಲಿ ನಾಲ್ಕಾರು ಖಾತೆ ದಾಟುತ್ತದೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಆ ಸಾಲಿನ ಬ್ಯಾಂಕುಗಳಿಗೆ ಸೂಚನೆ ಹೋಗಿ, ಇನ್ನೂ ಉಳಿದಿರುವ ಹಣಕ್ಕೆ ತಡೆ ಬೀಳುವ ಅವಕಾಶ ಇದೆ. ಆದ್ದರಿಂದ ಮಗ ಬಂದು ಹೇಳಿದಾಗ ‘ಯಾಕೆ ಹಾಕಿದೆ’ ಎಂಬ ವಿಚಾರಣೆ ಬೇಡ. ‘ಎಷ್ಟ್ ಹೊತ್ತಿಗೆ ಹೋಯ್ತ್ ಮಗಾ?’ ಎಂದಷ್ಟೇ ಕೇಳಿ, ಕರೆ ಮಾಡಿ. ನಾಚಿಕೆಯಿಂದ ಮಕ್ಕಳು ಚಾಟ್ ಅಳಿಸಿಬಿಡುತ್ತಾರೆ, ಅಳಿಸಲು ಬಿಡಬೇಡಿ. ಅದರ ಸ್ಕ್ರೀನ್‌ಶಾಟ್, ಯುಪಿಐ ವ್ಯವಹಾರದ 12 ಅಂಕಿಗಳ ಸಂಖ್ಯೆ ಹಿಡಿದು ಬ್ಯಾಂಕಿಗೆ, ಹತ್ತಿರದ ಠಾಣೆಗೆ ಅಥವಾ ಉಡುಪಿಯ ಸೆನ್ (ಸೈಬರ್ ಅಪರಾಧ) ಠಾಣೆಗೆ ಹೋಗಿ. ಬ್ಯಾಂಕಿಗೆ ತಡಮಾಡದೆ ತಿಳಿಸಲು ಇನ್ನೊಂದು ಕಾರಣವೂ ಇದೆ. ಪಿನ್, ಒಟಿಪಿ ನಾವೇ ಬಿಟ್ಟುಕೊಟ್ಟು ಕಳ್ಳರು ಹಣ ತೆಗೆದಿದ್ದರೆ, ತಿಳಿಸುವವರೆಗಿನ ನಷ್ಟ ನಮ್ಮದು, ಆಮೇಲಿನದು ಬ್ಯಾಂಕಿನದು ಎಂದಿತ್ತು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ.

ಮಕ್ಕಳ ಖರ್ಚಿಗೆ ಬೇರೆ ಸಣ್ಣ ಖಾತೆ ತೆರೆಯಿರಿ. ಅಮ್ಮನ ಪಿನ್ ಬದಲಿಸಿ, ಅವರೇ ಒತ್ತಲು ಕಲಿಯಲಿ. ಕಲಿಸುವ ಕೆಲಸ ಮಕ್ಕಳದ್ದೇ ಆಗಲಿ. ಪಿನ್ ಒತ್ತುವುದು ದುಡ್ಡು ಕೊಡಲಿಕ್ಕೆ, ಬರುವ ದುಡ್ಡಿಗೆ ಅದು ಬೇಕಿಲ್ಲ ಎಂಬಲ್ಲಿಂದ ಶುರುಮಾಡಬಹುದು.