ದಾರಿಯ ಬುತ್ತಿ

ಹೋಳಿ ಹುಣ್ಣಿಮೆ ಮುಗಿದಿತ್ತು. ಹೊಲದ ಬದುವಿನ ಮುತ್ತಲ ಮರ ಹೂ ಬಿಟ್ಟಿತ್ತು. ಒಂದೂ ಎಲೆ ಇಲ್ಲ. ಮರದ ತುಂಬ ಕೇಸರಿ ಹೂವೇ.

ಬೆಳಗ್ಗೆ ಅತ್ತೆ, ಸೊಸೆ ಹೊಲಕ್ಕೆ ಹೋದರು. ಸೊಸೆಯ ಕೈಯಲ್ಲಿ ಕೊಡಲಿ ಇತ್ತು. ಕೊಂಬೆ ಕಡಿದರೆ ಮಳೆಗಾಲಕ್ಕೆ ಕಟ್ಟಿಗೆ ಆಗುತ್ತದೆ ಎಂಬುದು ಅವಳ ಲೆಕ್ಕ.

ಮರದ ಮೇಲೆ ಒಂದೇ ಗದ್ದಲ. ನೂರಾರು ಹಕ್ಕಿಗಳು! ಮೈ ಗುಲಾಬಿ ಬಣ್ಣ. ತಲೆ, ರೆಕ್ಕೆ, ಬಾಲ ಕಪ್ಪು. ತಲೆಯ ಮೇಲೆ ಜುಟ್ಟು.

“ಅತ್ತಿ, ನಮ್ಮ ಜೋಳದ ತೆನಿ ತಿಂದ ಹಕ್ಕಿ ಇವೇ ಅಲ್ಲೇನ್ರಿ? ಕವಣಿ ಬೀಸಿ ಬೀಸಿ ನನ್ನ ತೋಳು ಸೋತಿದ್ದವು.”

“ಹೌದವ್ವ. ತೆನಿ ತಿಂದದ್ದು ಖರೆ. ಮಿಡತಿ ತಿಂದದ್ದೂ ಖರೆ. ಸುಮ್ಮನ ಕುಂತು ನೋಡು.”

ಇಬ್ಬರೂ ದೂರದಲ್ಲಿ ಕುಳಿತರು. ಹಕ್ಕಿಗಳು ಹೂವಿನ ಸಿಹಿ ರಸ ಕುಡಿಯುತ್ತಿದ್ದವು. ಕುಡಿಯುವಾಗ ಹೂವಿನ ಪುಡಿ ಮೈಗೆ ಮೆತ್ತಿಕೊಳ್ಳುತ್ತದೆ. ಈ ಪುಡಿಯೇ ಪರಾಗ. ಹಕ್ಕಿ ಇನ್ನೊಂದು ಮರಕ್ಕೆ ಹಾರಿದರೆ ಪರಾಗವೂ ಹೋಗುತ್ತದೆ. ಆಗ ಹೂವು ಕಾಯಿ ಕಟ್ಟುತ್ತದೆ. ಬೀಜದಿಂದ ಹೊಸ ಗಿಡ ಹುಟ್ಟುತ್ತದೆ. ನಾವು ಪತ್ರಾವಳಿ ಹಚ್ಚುವುದು ಈ ಗಿಡದ ಎಲೆಯಿಂದಲೇ ಅಲ್ಲವೇ?

ಈ ಹಕ್ಕಿಯ ಹೆಸರು ಗುಲಾಬಿ ಮೈನಾ. ಇದರ ತವರು ಕಜಕಸ್ತಾನದಂಥ ದೂರದ ದೇಶ. ಅಲ್ಲಿ ಮೇ, ಜೂನ್ ತಿಂಗಳಲ್ಲಿ ಕಲ್ಲಿನ ಸಂದಿಗಳಲ್ಲಿ ಗೂಡು ಕಟ್ಟುತ್ತದೆ. ಮರಿಗಳಿಗೆ ಮಿಡತೆ ತಿನ್ನಿಸುತ್ತದೆ. ಆಮೇಲೆ ಹಿಂಡು ಕಟ್ಟಿಕೊಂಡು ನಮ್ಮ ನಾಡಿಗೆ ಬರುತ್ತದೆ. ಚಳಿಗಾಲ ಇಲ್ಲೇ ಕಳೆಯುತ್ತದೆ. ಏಪ್ರಿಲ್ ಹೊತ್ತಿಗೆ ತವರಿಗೆ ಹೊರಡುತ್ತದೆ. ದಾರಿ ಸಾವಿರಾರು ಕಿಲೋಮೀಟರ್! ಅದಕ್ಕೇ ಮೊದಲು ಹೊಟ್ಟೆ ತುಂಬ ತಿನ್ನಬೇಕು. ಮೈಯಲ್ಲಿ ಕೂಡಿಟ್ಟ ಕೊಬ್ಬೇ ಅದರ ದಾರಿಯ ಬುತ್ತಿ.

“ತವರಿಗೆ ಹೊಂಟವರ ಬುತ್ತಿ ಕಸಗೋಬಾರದವ್ವ,” ಅಂದಳು ಅತ್ತೆ.

ಸೊಸೆ ಕೊಡಲಿ ಕೆಳಗಿಟ್ಟಳು. “ಹಂಗಾರ ಇವತ್ತು ತೊಗರಿ ಕಟ್ಟಿಗಿ ಒಯ್ಯೂಣು ಅತ್ತಿ. ಹೂವಿನ ಕೊಂಬಿ ಬ್ಯಾಡ.”

ಕೆಲವು ದಿನ ಕಳೆದವು. ಒಂದು ಬೆಳಗ್ಗೆ ಮರ ಖಾಲಿ. ಗದ್ದಲವಿಲ್ಲ. ಸೊಸೆ ಮನೆಗೆ ಬಂದಳು. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಪಕ್ಕ ತನ್ನ ಕೈಯಾರೆ ಬರೆದಳು: “ಹಕ್ಕಿ ತವರಿಗೆ ಹೋದವು.”

ಓದಿ, ಉತ್ತರ ಹೇಳಿ:
1. ಗುಲಾಬಿ ಮೈನಾ ಹೇಗಿರುತ್ತದೆ?
2. ಈ ಹಕ್ಕಿಯಿಂದ ಮುತ್ತಲ ಮರಕ್ಕೆ ಏನು ಲಾಭ?
3. ಸೊಸೆ ಕೊಡಲಿ ಏಕೆ ಕೆಳಗಿಟ್ಟಳು?
4. ನಿಮ್ಮ ಊರಿಗೆ ಯಾವ ಹಕ್ಕಿ ಬಂದು ಹೋಗುತ್ತದೆ? ಬಂದ ದಿನ, ಹೋದ ದಿನ ಬರೆದಿಡಿ.